ಅಟ್ಟದ ಮೇಲಿನ ಬಸುರಿ

ಕಳೆದ ತಿಂಗಳು ಗೆಳತಿಯೊಬ್ಬಳ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಅಡುಗೆ ಚಪ್ಪರದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಾಗ ಅಡುಗೆಯವರು ಉಂಡೆ ಕೊಬ್ಬರಿಯ ಚೀಲವೊಂದನ್ನು ತಂದು ನನ್ನ ಕಾಲ ಬಳಿಯೇ ಬಿಚ್ಚಿದರು. ಒಣಸಿಪ್ಪೆಯ ಧೂಳು, ಹಳೆಯ ಹೊಗೆ, ಅದರಡಿ ಸಣ್ಣಗೆ ಎಣ್ಣೆಯ ಕಮಟು. "ತಿಪಟೂರು ಮಾಲು ಮೇಡಂ, ಘಮ ನೋಡಿ" ಎನ್ನುತ್ತ ಒಂದು ಉಂಡೆಯನ್ನು ಎತ್ತಿ ನನ್ನ ಮುಂದೆ ಹಿಡಿದರು. ನಾನು ಎದ್ದು ಬೀದಿಗೆ ಬಂದು ನಿಂತೆ. ಹುಡುಕಿಕೊಂಡು ಬಂದ ಗೆಳತಿ ನನ್ನ ಮುಖ ನೋಡಿ ಗಾಬರಿಯಾದಳು. ಬಿಸಿಲಿಗೆ ತಲೆ ಸುತ್ತಿತು ಎಂದೆ.

ಬಿಸಿಲಲ್ಲ. ಆ ವಾಸನೆಯೊಳಗೆ ನಾನು ಕಳೆದ ಒಂದು ಬೇಸಿಗೆ ಇದೆ.

ಪಶುವೈದ್ಯಳಾಗಿ ನನ್ನ ಮೊದಲ ಜಾಗ ತುರುವೇಕೆರೆಯಿಂದ ಮಾಯಸಂದ್ರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಊರು. ಹೆಸರು ಬರೆಯುವುದಿಲ್ಲ, ಅಲ್ಲಿ ನಾನಿದ್ದ ಮನೆಯ ಹೆಣ್ಣುಮಗಳು ಈಗಲೂ ಆ ಸೀಮೆಯಲ್ಲೇ ಇದ್ದಾಳೆ. ಒಂದು ಕೋಣೆಯ ಆಸ್ಪತ್ರೆ, ಹೊರಗೆ ದನ ಕಟ್ಟುವ ಕಬ್ಬಿಣದ ಕಟಕಟೆ, ಒಬ್ಬ ಸಹಾಯಕ. ನಾನು ಇದ್ದದ್ದು ಶಿವರುದ್ರಪ್ಪನವರ ಮನೆಯ ಹಿತ್ತಲ ಕೋಣೆಯಲ್ಲಿ. ಅವರದು ತೆಂಗಿನ ತೋಟದ ಮನೆತನ. ನಡುಮನೆಯ ಮೇಲೆ ಉದ್ದಕ್ಕೂ ಅಟ್ಟ. ಕಿತ್ತ ಕಾಯಿಯನ್ನು ಅದರ ಮೇಲೆ ಹರಡಿ ವರ್ಷಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅಂಥ ಕಾಯಿ ಉರುಳಿದರೆ ಒಳಗಿನಿಂದ ಲೊಟಲೊಟ ಸದ್ದು ಬರುತ್ತದೆ. ಹೊಸದರಲ್ಲಿ ಇಲಿ ಓಡಾಡಿದಾಗೆಲ್ಲ ಆ ಸದ್ದಿಗೆ ಬೆಚ್ಚಿ ಬೀಳುತ್ತಿದ್ದೆ.

ಆ ವರ್ಷ ಶಿವರಾತ್ರಿ ಕಳೆದದ್ದೇ ತಡ, ಬಿಸಿಲು ಮೇಲೆ ಬಿದ್ದಂತೆ ಬಂತು. ಮಳೆಯ ಸುಳಿವಿಲ್ಲ. ತೋಟಗಳಲ್ಲಿ ಹರಳು ಉದುರತೊಡಗಿತು. ಅಡಿಕೆ ಗಾತ್ರದ ಎಳೆಗಾಯಿಗಳು ಮರದ ಬುಡದಲ್ಲೆಲ್ಲ ಕಪ್ಪಾಗಿ ಬಿದ್ದಿರುತ್ತಿದ್ದವು. "ಮರ ಹೊತ್ಕಂಡದ್ದನ್ನ ನಿಲ್ಲಿಸ್ಕೊಳ್ತಿಲ್ಲ" ಎಂದು ಶಿವರುದ್ರಪ್ಪ ಬೆಳಗಿನ ಹೊತ್ತು ಬಂದು ಜಗುಲಿಯಲ್ಲಿ ಕೂತು ಹೇಳುತ್ತಿದ್ದರು. ಹಾಗೆ ಹೇಳಿದಾಗೆಲ್ಲ ಅವರ ಹೆಂಡತಿ ಸಿದ್ಧಗಂಗಮ್ಮ ಒಳಗಿನಿಂದ ಗದರಿಸುತ್ತಿದ್ದರು. "ಬಾಯಿ ಬುಡಬ್ಯಾಡಿ, ಮನೇಲಿ ತುಂಬಿದ ಬಸ್ರಿ ಅವಳೆ."

ತುಂಬಿದ ಬಸುರಿ ಅವರ ಮಗಳು ರೂಪಾ. ಚಿಕ್ಕನಾಯಕನಹಳ್ಳಿಗೆ ಕೊಟ್ಟಿದ್ದರು, ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಮದುವೆಗೆ ಮುಂಚೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದವಳು, ಎಲ್ಲದಕ್ಕೂ ಯಾಕೆ ಎಂದು ಕೇಳುವ ಅಭ್ಯಾಸ ಬಿಟ್ಟಿರಲಿಲ್ಲ. ಸಂಜೆ ನಾನು ಆಸ್ಪತ್ರೆಯಿಂದ ಬಂದ ಕೂಡಲೇ ಕಾಫಿ ಲೋಟ ಹಿಡಿದು ಹಿತ್ತಲಿಗೆ ಬರುತ್ತಿದ್ದಳು. ಅವತ್ತು ಯಾವ ದನಕ್ಕೆ ಏನಾಯಿತು, ಏನು ಕೊಟ್ಟೆ, ಎಲ್ಲ ಹೇಳಬೇಕು.

ಆ ಬೇಸಿಗೆಯ ಮೊದಲ ಸಂಗತಿ ಆ ಮನೆಯ ಸೀಮೆ ಹಸುವಿನದು. ಗಬ್ಬದ ದಿನ ತುಂಬಿ ಮೀರಿ ಹೋಗಿತ್ತು, ಕೆಚ್ಚಲು ಇಳಿದಿರಲಿಲ್ಲ, ನೋವಿನ ಲಕ್ಷಣವೇ ಇಲ್ಲ. ಒಳಗೆ ಕರು ಬೆಳೆಯುತ್ತಲೇ ಇದೆ. ಇನ್ನೂ ಬಿಟ್ಟರೆ ಹೊರಗೆ ಬರಲಾರದಷ್ಟು ದೊಡ್ಡದಾಗುತ್ತದೆ ಎನಿಸಿ ಒಂದು ಇಂಜೆಕ್ಷನ್ ಕೊಟ್ಟೆ. ಮಾರನೆಯ ದಿನ ಸಂಜೆಯ ಹೊತ್ತಿಗೆ ಹಸು ಅತ್ತಿತ್ತ ತಿರುಗತೊಡಗಿತು. ಮೂರನೆಯ ಬೆಳಿಗ್ಗೆ ಕರು ಹಾಕಿತು. ಕಪ್ಪು ಬಿಳುಪಿನ ಎಂಥಾ ದೊಡ್ಡ ಹೋರಿಗರು! ಸಿದ್ಧಗಂಗಮ್ಮ ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡರು.

"ಅದರಲ್ಲಿ ಏನಿತ್ತು?" ಎಂದು ರೂಪಾ ಕೇಳಿದಳು.

ಹೇಳಿದೆ. ದನ, ಕುರಿ, ಮೇಕೆಗಳಲ್ಲಿ ಹುಟ್ಟುವ ದಿನವನ್ನು ಮರಿಯೇ ಗೊತ್ತು ಮಾಡುತ್ತದೆ. ಅದರ ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿ ಬಲಿತಾಗ ಒಂದು ಹಾರ್ಮೋನು ಸುರಿಸುತ್ತದೆ. ಅದು ತಾಯಿಯ ಮೈಗೆ ತಲುಪಿದ ಮೇಲೆ ಬಸಿರನ್ನು ಹಿಡಿದಿಟ್ಟುಕೊಂಡಿರುವ ಇನ್ನೊಂದು ಹಾರ್ಮೋನು ಥಟ್ಟನೆ ಕುಸಿಯುತ್ತದೆ. ಹಿಡಿತ ತಪ್ಪಿತು ಎಂದರೆ ನೋವು ಶುರು. ಈ ಕರು ಹೇಳಬೇಕಾದ ಹೊತ್ತಿಗೆ ಹೇಳಲಿಲ್ಲ. ಅದು ಹೇಳಬೇಕಾದ್ದನ್ನು ನಾನು ಸೂಜಿಯಲ್ಲಿ ಹೇಳಿದೆ, ಅಷ್ಟೇ.

ಊರಿನಲ್ಲಿ ಮಾತು ಬೇರೆಯಾಗಿ ಹರಡಿತು. ದನದ ಡಾಕ್ಟ್ರಮ್ಮ ಒಂದು ಸೂಜಿ ಹಾಕಿದರೆ ಕೇಳಿದ ದಿನಕ್ಕೆ ಹೆರಿಗೆ ಆಗುತ್ತದಂತೆ! ಆ ವಾರವೇ ನಂಜುಂಡ ಆಸ್ಪತ್ರೆಗೆ ಬಂದ. ಎಲ್ಲರೂ ಅವನನ್ನು ಕಾಂಪೌಂಡರ್ ಎನ್ನುತ್ತಿದ್ದರು. ಎಲ್ಲೋ ಪೇಟೆಯ ನರ್ಸಿಂಗ್ ಹೋಮಿನಲ್ಲಿ ಕೆಲವು ವರ್ಷ ಬಾಟಲಿ ಬದಲಾಯಿಸುವ ಕೆಲಸ ಮಾಡಿ ಊರಿಗೆ ಬಂದವನು. ಒಂದು ಶಟರಿನ ಅಂಗಡಿ, ಎರಡು ಮಂಚ, ಜ್ವರಕ್ಕೆ ಡ್ರಿಪ್. ಮನೆಯಲ್ಲಿ ಹೆರಿಗೆ ನಿಧಾನವಾದರೆ ಕರೆಸುತ್ತಿದ್ದರು, ನೋವು ಬರಿಸುವ ಸೂಜಿ ಹಾಕುತ್ತಿದ್ದ. ಮೃದುವಾಗಿ ಮಾತಾಡುತ್ತಿದ್ದ, ಯಾವ ಹೊತ್ತಿನಲ್ಲಿ ಕರೆದರೂ ಇಲ್ಲವೆನ್ನುತ್ತಿರಲಿಲ್ಲ. ಅದಕ್ಕೇ ಜನ ಅವನನ್ನು ನಂಬಿದ್ದರು.

"ಹಸುಗೆ ಯಾವ್ ಸೂಜಿ ಹಾಕಿದ್ರಿ ಮೇಡಂ?" ಎಂದು ಕೇಳಿದ.

"ನಿಮಗ್ಯಾಕೆ ಅದು?"

"ಸುಮ್ನೆ, ತಿಳ್ಕಳಣ ಅಂತ. ನಂತಾವ ಇರೋದು ಇದೊಂದೇ." ಅಂಗಿ ಜೇಬಿನಿಂದ ಒಂದು ಪುಟ್ಟ ಗಾಜಿನ ಆಂಪ್ಯೂಲು ತೆಗೆದು ತೋರಿಸಿದ. ಮೇಲೆ ಚೀಟಿ ಇರಲಿಲ್ಲ. ನನಗೆ ಅದು ಗೊತ್ತಿತ್ತು: ಆಕ್ಸಿಟೋಸಿನ್. ಹಸುವಿನ ಹಾಲು ಬೇಗ ಇಳಿಯಲಿ ಎಂದು ಕೆಲವರು ಕದ್ದು ಚುಚ್ಚುತ್ತಿದ್ದ ಮದ್ದು. ಅದನ್ನೇ ಇವನು ಹೆಂಗಸರಿಗೂ ಹಾಕುತ್ತಿದ್ದ. ಅದು ತಪ್ಪು, ಅಪಾಯ ಎಂದು ಗಟ್ಟಿಯಾಗಿಯೇ ಹೇಳಿದೆ. ತಲೆ ಆಡಿಸಿ, ನಕ್ಕು, ಆಂಪ್ಯೂಲನ್ನು ಮತ್ತೆ ಜೇಬಿಗೆ ಹಾಕಿಕೊಂಡು ಹೋದ.

ಅದಾದ ಮೇಲೆ ಕೋತಿ ಹಿಡಿಯುವವರು ಬಂದರು. ಕೋತಿಗಳು ಎಳನೀರು ಕಿತ್ತು, ಒಂದು ಗುಟುಕು ಕುಡಿದು ಬಿಸಾಡುತ್ತವೆ ಎಂದು ತೋಟದವರೆಲ್ಲ ಸೇರಿ ಕರೆಸಿದ್ದರು. ದೊಡ್ಡ ಬೋನು, ಒಳಗೆ ಕಡಲೆಕಾಯಿ, ಬಾಳೆಹಣ್ಣು. ಕೋತಿಗಳು ಮರಿ ಹಾಕುವ ಕಾಲ. ಎಷ್ಟೋ ತಾಯಿಗಳ ಹೊಟ್ಟೆಯಡಿ ಕಪ್ಪು ರೋಮದ ಮರಿಗಳು ಅಂಟಿಕೊಂಡಿದ್ದವು. ಇಡೀ ಗುಂಪು ಸಿಕ್ಕಿತು. ಲಾರಿಯ ಮೇಲೆ ಬೋನು ಹೇರಿ ಗುಡ್ಡದಾಚೆ ಎಲ್ಲೋ ಬಿಡಲು ಒಯ್ದರು. ಲಾರಿ ಊರು ದಾಟುವವರೆಗೂ ಕೇಳಿದ ಆ ಕೂಗಿಗೆ ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಂಡಿದ್ದರು.

ಒಂದು ಮಾತ್ರ ಉಳಿಯಿತು. ಎಡಗಿವಿ ಹರಿದ ಹೆಣ್ಣು ಕೋತಿ. ಗಲಾಟೆಯಲ್ಲಿ ಹೆಂಚು ಸರಿಸಿ ಶಿವರುದ್ರಪ್ಪನವರ ಅಟ್ಟಕ್ಕೆ ಇಳಿದುಬಿಟ್ಟಿತ್ತು. ಮೇಲೆ ಕಾಯಿ ಉರುಳುವ ಸದ್ದು ಕೇಳಿ ಏಣಿ ಹತ್ತಿ ನೋಡಿದರೆ, ಮೂಲೆಯಲ್ಲಿ ಗೋಡೆಗೆ ಒರಗಿ ಕೂತು, ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಿತ್ತು. ತುಂಬಿದ ಹೊಟ್ಟೆ.

"ಓಡ್ಸಿ ಅದನ್ನ" ಎಂದರು ಶಿವರುದ್ರಪ್ಪ.

"ಬಸ್ರೀನ ಓಡ್ಸಾರ? ಹೆತ್ಕಂಡು ಹೋಗ್ಲಿ ಬುಡಿ" ಎಂದರು ಸಿದ್ಧಗಂಗಮ್ಮ. ಅಂದಿನಿಂದ ಒಂದು ತಟ್ಟೆ ಅನ್ನ, ಒಂದು ಲೋಟ ನೀರು ಏಣಿಯ ತುದಿಗೆ ಹೋಗತೊಡಗಿತು.

ರೂಪಾಳ ಮಂಚ ಆ ಅಟ್ಟದ ಕೆಳಗೇ ಇತ್ತು. ಹಲಗೆಗಳ ಸಂದಿಯಿಂದ ಕೋತಿ ಅವಳನ್ನು ನೋಡುತ್ತಿತ್ತು, ಇವಳು ಅದನ್ನು ನೋಡುತ್ತಿದ್ದಳು. "ಏನಮ್ಮಾ, ನಿಂಗೂ ಸೊಂಟ ನೋವಾ?" ಎಂದು ಮಾತಾಡಿಸುತ್ತಿದ್ದಳು. ಮೊದಮೊದಲು ನಗುವಿತ್ತು. ಯಾರದು ಮೊದಲು ಎಂದು ಮನೆಯವರು ತಮಾಷೆ ಮಾಡುತ್ತಿದ್ದರು. ನೋಡಲು ಬಂದ ನೆಂಟರು ನಗಲಿಲ್ಲ. ಒಂದೇ ಸೂರಿನಡಿ ಎರಡು ಬಸುರಿ ಇರಬಾರದು, ಒಂದು ಇನ್ನೊಂದನ್ನು ತಡೆಯುತ್ತದೆ ಎಂದು ಯಾರೋ ಅಂದರು. ಆ ಮಾತು ಮನೆಯಲ್ಲೇ ಉಳಿದುಕೊಂಡಿತು.

ಏಕೆಂದರೆ ರೂಪಾಳ ದಿನವೂ ಮೀರಿತು. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ಮಗುವಿನ ಎದೆಬಡಿತ ಚೆನ್ನಾಗಿದೆ, ಸ್ವಲ್ಪ ಕಾಯೋಣ, ಸೋಮವಾರ ಬಂದು ಸೇರಿಕೊಳ್ಳಿ, ಆಮೇಲೆ ನಾವೇ ನೋವು ಬರಿಸುತ್ತೇವೆ ಎಂದಿದ್ದರು. ಸರಿಯಾದ ಮಾತೇ. ಆದರೆ ಸೋಮವಾರದ ಹೊತ್ತಿಗೆ ಅಮಾವಾಸ್ಯೆ. ಶಿವರುದ್ರಪ್ಪ ಜಗುಲಿಯಲ್ಲಿ ಶತಪಥ ಹಾಕತೊಡಗಿದರು.

ಅದೇ ವೇಳೆಗೆ ಅಟ್ಟದ ಮೇಲಿನದು ಅನ್ನ ಮುಟ್ಟುವುದನ್ನು ಬಿಟ್ಟಿತು. ಒಂದು ಮಧ್ಯಾಹ್ನ ಸಿದ್ಧಗಂಗಮ್ಮ ಆಸ್ಪತ್ರೆಗೇ ಬಂದರು, ಚಪ್ಪಲಿಯೂ ಇಲ್ಲದೆ. "ಕೋತಿ ತಿಣುಕ್ತಾ ಅದೆ ಡಾಕ್ಟ್ರಮ್ಮ, ಬೆಳಗ್ಗೆಯಿಂದ. ಏನೂ ಬತ್ತಿಲ್ಲ."

ಏಣಿ ಹತ್ತಿದೆ. ಅಟ್ಟದ ಮೇಲೆ ಹೆಂಚಿನ ಕಾವು, ಕೊಬ್ಬರಿಯ ಕಮಟು, ಅದರ ಜೊತೆಗೆ ಇನ್ನೊಂದು ವಾಸನೆ. ಕೋತಿ ಕಾಯಿರಾಶಿಯನ್ನು ತಬ್ಬಿಕೊಂಡು ಬಗ್ಗಿ ನಿಲ್ಲುತ್ತಿತ್ತು, ಮೈ ಬಿಗಿ ಹಿಡಿಯುತ್ತಿತ್ತು, ಸಡಿಲವಾಗಿ ಕೂರುತ್ತಿತ್ತು. ಹಲಗೆಯ ಮೇಲೆ ಕಂದು ನೀರಿನ ಕಲೆ. ನನ್ನನ್ನು ನೋಡಿ ಹಲ್ಲು ಕಿರಿಯಲಿಲ್ಲ, ಓಡಲಿಲ್ಲ. ಕೋತಿಗಳಿಗೆ ನೋವು ಬರುವುದು ಸಾಮಾನ್ಯವಾಗಿ ರಾತ್ರಿ. ಬೆಳಕಾಗುವುದರೊಳಗೆ ಹೆತ್ತು ಗುಂಪಿನ ಜೊತೆ ಹೊರಟುಬಿಡುತ್ತವೆ. ನಡುಹಗಲಿನಲ್ಲಿ ತಿಣುಕುವ ಕೋತಿ ಎಂದರೆ ಒಳಗೆ ಏನೋ ತಪ್ಪಿದೆ.

ಕೆಳಗೆ ಇಳಿದಾಗ ಶಿವರುದ್ರಪ್ಪ ಕಾದಿದ್ದರು. "ಹಸುಗೆ ಹಾಕಿದ್ರಲ್ಲ, ಅದೇ ಸೂಜಿ ಹಾಕ್ಬುಡಿ ಡಾಕ್ಟ್ರಮ್ಮ. ಇದು ಹೆತ್ರೆ ಅವಳೂ ಹೆರ್ತಾಳೆ."

ಪ್ರಾಣಿಗಳ ಪುನರ್ವಸತಿ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದ ನನ್ನ ಸೀನಿಯರಿಗೆ ಫೋನ್ ಮಾಡಿದೆ. ಕೋತಿಗಳ ಜೊತೆಯೇ ಬದುಕಿದವರು ಅವರು. ನಾನು ಓದಿದ್ದು ಸರಿಯೇ ಎಂದು ಕೇಳಿ ಗಟ್ಟಿ ಮಾಡಿಕೊಂಡೆ. "ದನದ ಸೂಜಿ ಕೋತಿಗೆ ನಡೆಯಲ್ಲ" ಎಂದರು. "ಬಸಿರು ಕಾಯೋ ಹಾರ್ಮೋನನ್ನ ಇವುಗಳಲ್ಲಿ ಮಾಸೇ, ಅಂದ್ರೆ ಪ್ಲಸೆಂಟಾನೇ, ತಯಾರಿಸುತ್ತೆ. ಕೊನೇವರೆಗೂ ಅದು ಕುಸಿಯೋದಿಲ್ಲ. ಮರಿ ಸತ್ತಿದ್ರೂ ಮಾಸು ಬದುಕಿರಬಹುದು. ಒಳಗೆ ಎಲ್ಲಾ ಸರಿ ಇದೆ ಅಂತ ತಾಯಿ ಮೈಗೆ ಹೇಳ್ತಾನೇ ಇರುತ್ತೆ. ಮರಿ ಅಡ್ಡ ನಿಂತಿದ್ರೆ ಆಕ್ಸಿಟೋಸಿನ್ ಕೊಟ್ಟೀರಾ ಮತ್ತೆ, ಗರ್ಭ ಹರಿದು ಹೋಗುತ್ತೆ. ಅರಣ್ಯ ಇಲಾಖೆಯವರಿಗೆ ತಿಳಿಸಿ, ಕೊಯ್ದು ತೆಗೀರಿ. ನಾನು ಫೋನಲ್ಲಿ ಇರ್ತೀನಿ."

ಆ ಸಂಜೆ ಅಡುಗೆಮನೆಯಲ್ಲಿ ಕೂತು ಇದನ್ನೆಲ್ಲ ತಾಯಿ ಮಗಳಿಗೆ ಹೇಳಿದೆ. ರೂಪಾ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದಳು. ಪಾದ ಊದಿತ್ತು.

"ಹಾಗಾದ್ರೆ ನಂದು ಹಸು ತರಾನಾ, ಕೋತಿ ತರಾನಾ?" ಎಂದಳು.

"ಕೋತಿ ತರ. ಈ ವಿಷಯದಲ್ಲಿ ನಾವು ಅದಕ್ಕೇ ಹತ್ತಿರ."

"ಮತ್ತೆ ಹುಟ್ಟೋ ಹೊತ್ತಾಯ್ತು ಅಂತ ಯಾರು ಹೇಳೋದು?"

"ಒಬ್ಬರೇ ಹೇಳಲ್ಲ ರೂಪಾ. ಮಗುವಿನ ಗ್ರಂಥಿ ಒಂದು ರಸ ಕಳಿಸುತ್ತೆ, ಮಾಸು ಅದನ್ನ ಬೇರೆ ಹಾರ್ಮೋನಾಗಿ ಮಾಡಿ ನಿನ್ನ ಮೈಗೆ ಬಿಡುತ್ತೆ. ಅದರಿಂದ ಗರ್ಭ ದಿನಾ ಸ್ವಲ್ಪ ಸ್ವಲ್ಪ ಮೆತ್ತಗಾಗುತ್ತೆ. ಮಾಸಿನ ಕಡೆಯಿಂದ ತಡಿ, ತಡಿ ಅನ್ನೋ ಮಾತು ಇನ್ನೂ ಬರ್ತಾನೇ ಇರುತ್ತೆ, ಗರ್ಭ ಅದನ್ನ ಕೇಳೋದು ಬಿಡುತ್ತೆ. ಆಮೇಲೆ ನಿನ್ನ ಮೈಯ್ಯದೇ ಆಕ್ಸಿಟೋಸಿನ್ ಬರುತ್ತೆ, ನೋವು ಬಂದು ಬಂದು ಹೋಗುತ್ತೆ. ಆಸ್ಪತ್ರೆಯವರೂ ಅದನ್ನೇ ಕೊಡ್ತಾರೆ. ಆದ್ರೆ ಮೊದಲು ಗರ್ಭದ ಬಾಯಿ ಮೆತ್ತಗೆ ಮಾಡಿ, ಹನಿ ಹನಿ ಬಿಟ್ಟು, ಮಗುವಿನ ಎದೆ ಕೇಳ್ತಾ ಕೊಡ್ತಾರೆ. ಸಿದ್ಧ ಇಲ್ಲದ ಗರ್ಭಕ್ಕೆ ಒಂದೇ ಸಲ ಚುಚ್ಚಬಾರದು."

ರೂಪಾ ತನ್ನ ಹೊಟ್ಟೆಯ ಮೇಲೆ ಅಂಗೈ ಹರಡಿಟ್ಟುಕೊಂಡಳು. ಬಾಗಿಲ ಬಳಿ ನಿಂತು ಕೇಳುತ್ತಿದ್ದ ಶಿವರುದ್ರಪ್ಪ ಅಂದರು: "ಕಾಯೋದಾದ್ರೆ ಎಲ್ರಿಗೂ ಬತ್ತದೆ ಡಾಕ್ಟ್ರಮ್ಮ. ಅದಕ್ಕೆ ಡಾಕ್ಟ್ರೇ ಯಾಕೆ ಬೇಕು?" ಅವರ ದನಿಯಲ್ಲಿ ಕೋಪವಿರಲಿಲ್ಲ, ಹೆದರಿಕೆ ಇತ್ತು. ಮೇಲೆ ಕಾಯಿಯೊಂದು ಉರುಳಿತು. ನಾಲ್ವರೂ ತಲೆ ಎತ್ತಿದೆವು.

ಹಿಂದಿನ ದಿನವೇ ಫೋನ್ ಮಾಡಿದ್ದರೂ ಅರಣ್ಯ ಇಲಾಖೆಯ ಸಿಬ್ಬಂದಿ ಬಲೆ ತಂದದ್ದು ಬೆಳಿಗ್ಗೆಯೇ. ಬಲೆಯ ಅಗತ್ಯವೇ ಬೀಳಲಿಲ್ಲ. ಮತ್ತಿನ ಸೂಜಿ ಚುಚ್ಚುವಾಗ ಅದು ಗೋಡೆಯ ಕಡೆ ಮುಖ ತಿರುಗಿಸಿತು, ಅಷ್ಟೇ. ಗೋಣಿಯಲ್ಲಿ ಮಲಗಿಸಿ ಕೆಳಗಿಳಿಸಿದೆವು. ನಡುಮನೆ ದಾಟುವಾಗ ರೂಪಾ ಎದ್ದು ನಿಂತಿದ್ದಳು. "ಉಳಿಸಿ ಅಕ್ಕಾ" ಎಂದಳು. ಅವಳು ನನ್ನನ್ನು ಅಕ್ಕಾ ಎಂದು ಕರೆದದ್ದು ಅದೇ ಮೊದಲು.

ಆಸ್ಪತ್ರೆಯ ಮೇಜಿನ ಮೇಲೆ ಕಿಟಕಿಯ ಬೆಳಕಿನಲ್ಲಿ ಹೊಟ್ಟೆ ತೆರೆದೆ. ಮೇಕೆಗಳಿಗೆ ಮಾಡಿದ್ದ ಕೆಲಸ, ಆದರೆ ಆ ಬೆರಳುಗಳು, ಆ ಉಗುರುಗಳು ಮೇಕೆಯವಲ್ಲ. ಮರಿ ಅಡ್ಡ ನಿಂತಿತ್ತು, ಸತ್ತು ಎರಡು ದಿನವಾದರೂ ಆಗಿರಬೇಕು. ಮುಷ್ಟಿ ಬಿಗಿದಿತ್ತು. ಅದನ್ನು ತೆಗೆದು ಬಟ್ಟೆಯ ಮೇಲಿಟ್ಟು ಮತ್ತೆ ಕೈ ಹಾಕಿದೆ. ಎರಡು ಬಿಲ್ಲೆಗಳಂತಿದ್ದ ಮಾಸು ಗರ್ಭದ ಗೋಡೆಗೆ ಬಿಗಿಯಾಗಿ ಅಂಟಿಕೊಂಡೇ ಇತ್ತು, ಕೆಂಪಗೆ, ಬೆಚ್ಚಗೆ, ಏನೂ ಆಗಿಯೇ ಇಲ್ಲವೆಂಬಂತೆ. ಸೀನಿಯರು ಹೇಳಿದ್ದನ್ನು ಕಿವಿಯಲ್ಲಿ ಕೇಳಿದ್ದೆ. ಈಗ ಅದು ಕಣ್ಣೆದುರೇ ಇತ್ತು. ಬಿಡಿಸುವಾಗ ಅದು ಸುಲಭಕ್ಕೆ ಬಿಡಲಿಲ್ಲ. ರಕ್ತ ಬಹಳ ಹೋಯಿತು.

ಹೊರಗಿನ ಹೊಲಿಗೆ ಹಾಕುತ್ತಿದ್ದಾಗ ಫೋನ್ ಬಡಿದುಕೊಂಡಿತು. ಸಹಾಯಕ ನನ್ನ ಕಿವಿಗೆ ಹಿಡಿದ. ಸಿದ್ಧಗಂಗಮ್ಮ ಎಂದೂ ನನಗೆ ಫೋನ್ ಮಾಡಿದವರಲ್ಲ.

"ಬಂದ್ಬುಡಿ ಡಾಕ್ಟ್ರಮ್ಮ. ಕಾಂಪೌಂಡರ್ ಸೂಜಿ ಹಾಕ್ಬುಟ್ಟ. ನೋವು ಬಂತು, ಬುಡ್ತಾನೇ ಇಲ್ಲ. ಬುಡ್ತಾನೇ ಇಲ್ಲ..."

ಕೊನೆಯ ಹೊಲಿಗೆ ಹಾಕಿ, ಕೋತಿಯನ್ನು ಬೋನಿನಲ್ಲಿ ಮಲಗಿಸಿ, ನೋಡಿಕೊಳ್ಳಲು ಸಹಾಯಕನಿಗೆ ಹೇಳಿ ಓಡಿದೆ. ಆಮೇಲೆ ತಿಳಿಯಿತು: ನಾವು ಗೋಣಿ ಹೊತ್ತು ಹೊರಟ ಹಿಂದೆಯೇ ಶಿವರುದ್ರಪ್ಪ ನಂಜುಂಡನನ್ನು ಕರೆಸಿದ್ದರು. ಮನೆಯಿಂದ ಆ ಇನ್ನೊಂದು ಬಸುರಿ ಹೋಗಿತ್ತು, ಅಮಾವಾಸ್ಯೆ ಇನ್ನೂ ಬಂದಿರಲಿಲ್ಲ. ಇದಕ್ಕಿಂತ ಒಳ್ಳೆಯ ಹೊತ್ತು ಇನ್ಯಾವುದು ಎಂದು ಅವರಿಗೆ ಅನ್ನಿಸಿತ್ತು. ರೂಪಾ ಬೇಡವೆಂದಿದ್ದಳು. ಒಂದು ಸೂಜಿಗೆ ಏನೂ ಆಗದಿದ್ದಾಗ ಅವನು ಇನ್ನೊಂದು ಹಾಕಿದ್ದ.

ರೂಪಾ ಮಂಚದ ಮೇಲೆ ಅಡ್ಡಲಾಗಿ ಮಲಗಿ ಮಂಚದ ಪಟ್ಟಿ ಹಿಡಿದುಕೊಂಡಿದ್ದಳು. ತುಟಿ ಬಿಳಚಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟೆ. ಕಲ್ಲು. ನೋವು ಎಂದರೆ ಬರಬೇಕು, ಹೋಗಬೇಕು. ಅದು ಬಿಟ್ಟಾಗಲೇ ಮಗುವಿಗೆ ರಕ್ತ ಹೋಗುವುದು. ನಾನು ಕೈ ಇಟ್ಟುಕೊಂಡೇ ನಿಂತೆ. ಕಲ್ಲು ಕರಗಲಿಲ್ಲ. ಈ ಕೈಗೆ ಎಷ್ಟು ಹಸುಗಳ ಹೊಟ್ಟೆ ಗೊತ್ತಿದ್ದರೇನು, ಅವಳಿಗೆ ಕೊಡಲು ನನ್ನ ಬಳಿ ಏನೂ ಇರಲಿಲ್ಲ.

"ನೋವು ಬಂದೈತಲ್ಲ ಮೇಡಂ, ಇನ್ನೇನು ಆಗೋಯ್ತದೆ" ಎಂದ ನಂಜುಂಡ, ಚೀಲದ ಜಿಪ್ಪು ಎಳೆಯುತ್ತ. ನಾವು ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಅವನ ಬೈಕು ತೋಟದ ದಾರಿಯಲ್ಲಿ ಮರೆಯಾಗಿತ್ತು.

ಶಿವರುದ್ರಪ್ಪನವರೇ ಕಾರು ಓಡಿಸಿದರು. ಹಿಂದಿನ ಸೀಟಿನಲ್ಲಿ ರೂಪಾಳನ್ನು ಎಡಮಗ್ಗುಲಿಗೆ ಮಲಗಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ಏನು ಚುಚ್ಚಿದ್ದಾರೆ, ಎಷ್ಟು ಸಲ ಎಂದು ಹೇಳಿದೆ. ಆ ಕಡೆಯ ನರ್ಸು ಡಾಕ್ಟರನ್ನು ಕೂಗಿ ಕರೆಯುವುದು ಕೇಳಿಸಿತು. ರಸ್ತೆಯ ಎರಡೂ ಬದಿಗೆ ತೆಂಗಿನ ಮರಗಳು, ಗರಿ ಅಲುಗದೆ ನಿಂತಿದ್ದವು. ಅರ್ಧ ದಾರಿಯಲ್ಲಿ ರೂಪಾ ಜೋರಾಗಿ ಕಿರುಚಿ, ಇದ್ದಕ್ಕಿದ್ದಂತೆ ಸುಮ್ಮನಾದಳು. "ಹೋಯ್ತು ಅಕ್ಕಾ, ನೋವು ಹೋಯ್ತು" ಎಂದಳು, ನಿಟ್ಟುಸಿರು ಬಿಟ್ಟು. ಮುಂದಿನ ಸೀಟಿನಿಂದ ಸಿದ್ಧಗಂಗಮ್ಮ "ಶಿವನೇ, ಕಾಪಾಡಿದೆ" ಎಂದರು. ನನಗೆ ಗೊತ್ತಿತ್ತು: ನೋವು ಹಾಗೆ ಹೋಗುವುದಿಲ್ಲ. ಗರ್ಭ ಹರಿದಾಗ ಹಾಗೆ ಹೋಗುತ್ತದೆ. "ಇನ್ನೂ ಜೋರಾಗಿ ಓಡಿಸಿ" ಎಂದಷ್ಟೇ ಅಂದೆ.

ಬಾಗಿಲಲ್ಲೇ ಸ್ಟ್ರೆಚರ್ ಕಾದಿತ್ತು. ಆಪರೇಷನ್ ಕೋಣೆಯ ಹೊರಗೆ ಮೂವರೂ ಕೂತೆವು. ಶಿವರುದ್ರಪ್ಪ ನನ್ನ ಸೆರಗಿನ ಮೇಲಿದ್ದ ರಕ್ತದ ಕಲೆಯನ್ನೇ ನೋಡುತ್ತಿದ್ದರು. ಅದು ಕೋತಿಯದು ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ ನರ್ಸೊಬ್ಬಳು ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಓಡಿದಳು, ಅದು ಅಳುತ್ತಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತಿಗೆ ಪಕ್ಕದ ಕೋಣೆಯಿಂದ ಬೆಕ್ಕಿನ ಮರಿಯಂಥ ಸಣ್ಣ ದನಿ ಕೇಳಿತು. ಹೆಣ್ಣು ಮಗು. ಗಾಜಿನ ಪೆಟ್ಟಿಗೆಯಲ್ಲಿಟ್ಟು ತುಮಕೂರಿಗೆ ಕಳಿಸಿದರು. ರೂಪಾ ಬದುಕಿದಳು. ಗರ್ಭಕೋಶ ಉಳಿಸಲು ಆಗಲಿಲ್ಲ ಎಂದು ಡಾಕ್ಟರು ಹೊರಗೆ ಬಂದು ಶಿವರುದ್ರಪ್ಪನವರಿಗೆ ಹೇಳಿದರು.

ನಾನು ಊರಿಗೆ ವಾಪಸಾದಾಗ ಕೋತಿ ಬೋನಿನಲ್ಲಿ ತಣ್ಣಗಾಗಿತ್ತು. ಒಂದು ಕೈ ಸರಳಿನ ಹೊರಗೆ ಚಾಚಿಕೊಂಡಿತ್ತು.

ಅರಣ್ಯ ಇಲಾಖೆಯವರು ಬಂದು ನೋಡಿಕೊಂಡು ಹೋದ ಮೇಲೆ ಊರಿನವರು ಅದನ್ನು ಚಟ್ಟ ಕಟ್ಟಿ, ಹೂವು ಹಾಕಿ, ಮೆರವಣಿಗೆಯಲ್ಲಿ ಒಯ್ದು ತೋಟದಂಚಿನಲ್ಲಿ ಮಣ್ಣು ಮಾಡಿದರು. ಬೋನು ಇಡಿಸಿದವರೇ ಮುಂದೆ ನಿಂತು ಹೆಗಲು ಕೊಟ್ಟರು. ಅಷ್ಟರಲ್ಲಿ ಕತೆಯೂ ಸಿದ್ಧವಾಗಿತ್ತು. ಆಂಜನೇಯನೇ ಬಂದಿದ್ದ, ರೂಪಾಳ ಗಂಡಾಂತರವನ್ನು ತಾನು ಹೊತ್ತುಕೊಂಡು ಹೋದ. ಮರಿ ಕೊಟ್ಟು ಮಗು ಉಳಿಸಿದ. ಮಣ್ಣು ಮಾಡಿದ ಜಾಗದಲ್ಲಿ ಕಟ್ಟೆ ಕಟ್ಟುವ ಮಾತು ನಡೆಯಿತು. ಸೂಜಿಯ ಮಾತನ್ನು ಯಾರೂ ಎತ್ತಲಿಲ್ಲ. ನಾನು ತಾಲ್ಲೂಕು ಆರೋಗ್ಯಾಧಿಕಾರಿಗೆ ದೂರು ಕೊಟ್ಟೆ. ಅವರು ಜನ ಕಳಿಸಿ ನಂಜುಂಡನ ಶಟರಿಗೆ ಬೀಗ ಹಾಕಿಸಿದರು. ಮರುದಿನದಿಂದ ಅವನು ಚೀಲ ಹಿಡಿದು ಮನೆಮನೆಗೇ ಹೋಗತೊಡಗಿದ. ಬೀದಿಯಲ್ಲಿ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಒಬ್ಬ ಬಡವನ ಹೊಟ್ಟೆಯ ಮೇಲೆ ಹೊಡೆದೆ ಎಂದು ಅವರಿಗೆ ಬೇಸರ.

ರೂಪಾಳನ್ನು ಮನೆಗೆ ಕರೆತಂದ ಮೇಲೆ ಕೋತಿಯ ತಿಥಿ ಮಾಡಿದರು. ಶಿವರುದ್ರಪ್ಪನವರ ಮನೆಯ ಮುಂದೆಯೇ ಚಪ್ಪರ, ಇಡೀ ಊರಿಗೆ ಊಟ. ರೂಪಾ ಒಳಗೆ ಮಲಗಿದ್ದಳು; ಮಗು ಇನ್ನೂ ತುಮಕೂರಿನಲ್ಲಿತ್ತು. ಕರೆದಿದ್ದರಿಂದ ಹೋಗಿ ಕೊನೆಯ ಪಂಕ್ತಿಯಲ್ಲಿ ಕೂತೆ. ನನ್ನ ಎದುರು ಸಾಲಿನ ಮೊದಲ ಎಲೆಗೆ ನಂಜುಂಡ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಯಾರೋ ಅವನಿಗೆ ನೀರಿನ ಲೋಟ ತುಂಬಿಸಿಕೊಟ್ಟರು.

ಸಿದ್ಧಗಂಗಮ್ಮ ಪಾಯಸದ ಕೊಳಗ ಹಿಡಿದು ಬಡಿಸುತ್ತ ಬಂದರು. ಅವನ ಮುಂದೆ ಬಂದು ನಿಂತರು. ಸೌಟು ಕೊಳಗದೊಳಗೇ ಇತ್ತು.

"ಸ್ವಲ್ಪ ಸಾಕಮ್ಮ" ಎಂದ ಅವನು.

ಅವರು ಕೊಳಗವನ್ನು ನೆಲಕ್ಕಿಟ್ಟರು. ಬಗ್ಗಿ, ಅವನ ಮುಂದಿದ್ದ ಎಲೆಯನ್ನು, ಅನ್ನ ಪಲ್ಯ ಸಮೇತ, ಎರಡೂ ಕೈಯಿಂದ ಮಡಿಸಿ ಎತ್ತಿದರು. ಉಣ್ಣುತ್ತಿದ್ದವರ ಕೈಗಳು ಎಲೆಯ ಮೇಲೇ ನಿಂತವು. ಉಣ್ಣಲು ಕೂತವನ ಮುಂದಿನ ಎಲೆ ಎತ್ತುವುದನ್ನು ಆ ಊರಿನಲ್ಲಿ ಯಾರೂ ನೋಡಿರಲಿಲ್ಲ.

"ಲೇ, ಏನೇ ಮಾಡ್ತಿದ್ದೀಯ? ಸುಮ್ಕಿರೇ" ಎಂದು ಶಿವರುದ್ರಪ್ಪ ಎದ್ದು ಬಂದರು.

"ಇನ್ನೂ ಎಷ್ಟ್ ಸುಮ್ಕಿರ್ಲಿ ನಾನು?" ಸಿದ್ಧಗಂಗಮ್ಮನ ದನಿ ಏರಲಿಲ್ಲ. "ನೀವು ಕರೆಸಿದ್ರಿ, ಇವನು ಚುಚ್ದ, ನಾನು ನನ್ ಮಗಳ ಕೈ ಹಿಡ್ಕಂಡಿದ್ದೆ, ಅಲ್ಲಾಡಬ್ಯಾಡ ಅಂತ. ಆಂಜನೇಯನೂ ಮಾಡ್ಲಿಲ್ಲ, ಅಮಾಸೆನೂ ಮಾಡ್ಲಿಲ್ಲ. ಆ ಮೂಕ ಪ್ರಾಣಿ ಏನೂ ಮಾಡ್ಲಿಲ್ಲ. ನಾವು ಮಾಡಿದ್ದು. ಏಳಪ್ಪ ನೀನು. ನನ್ ಮನೆ ಅನ್ನ ನಿಂಗಿಲ್ಲ."

ನಂಜುಂಡ ಎದ್ದ. ಯಾರ ಮುಖವನ್ನೂ ನೋಡದೆ ತೊಟ್ಟಿಯ ಬಳಿ ಹೋಗಿ ಕೈ ತೊಳೆದು ಬೀದಿಗೆ ನಡೆದ. ಶಿವರುದ್ರಪ್ಪ ತಲೆ ತಗ್ಗಿಸಿ ನಿಂತಲ್ಲೇ ನಿಂತರು. ನಿಧಾನಕ್ಕೆ ಜನ ಮತ್ತೆ ಎಲೆಗೆ ಕೈ ಹಾಕಿದರು.

ಆಗ ನನ್ನ ಪಂಕ್ತಿಯ ಕೊನೆಯಲ್ಲಿ ಕೂತಿದ್ದ ಹೆಂಗಸೊಬ್ಬಳು, ಹಸಿರು ಸೀರೆಯವಳು, ಅರ್ಧ ಊಟ ಬಿಟ್ಟು ಎದ್ದಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಚಪ್ಪರದ ಪಕ್ಕದ ಸಂದಿಯಿಂದ ಅವನು ಹೋದ ದಾರಿಯಲ್ಲೇ ಬೇಗ ಬೇಗ ಹೋದಳು. ಸಿದ್ಧಗಂಗಮ್ಮ ಅದನ್ನು ನೋಡಿದರು. ನನ್ನ ಕಡೆ ತಿರುಗಿದರು. "ಅವಳ ಸೊಸೆಗೂ ತಿಂಗಳು ತುಂಬೈತೆ ಡಾಕ್ಟ್ರಮ್ಮ" ಎಂದರು.

ಎಂಜಲು ಕೈಯಲ್ಲೇ ಎದ್ದೆ. ತಿರುವಿನಲ್ಲಿ ಬೈಕು ನಿಂತಿತ್ತು. ಅವಳು ಹ್ಯಾಂಡಲ್ಲಿನ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಕೇಳುತ್ತಿದ್ದಳು, ಅವನು ತಲೆ ಆಡಿಸುತ್ತಿದ್ದ. ನನ್ನನ್ನು ಕಂಡು ಅವಳು ಹ್ಯಾಂಡಲ್ಲಿನಿಂದ ಕೈ ತೆಗೆದಳು.

"ಸುಮ್ನೆ ಮಾತಾಡ್ತಿದ್ದೆ ಕಣ್ರೀ" ಎಂದಳು.

ಅವನು ಬೈಕು ಹತ್ತಿ ಹೋದ. ಅವಳು ಮುಂದೆ ಮುಂದೆ ನಡೆದಳು, ನಾನು ಹಿಂದೆ. ಬರಬೇಡಿ ಎನ್ನಲಿಲ್ಲ, ಬನ್ನಿ ಎನ್ನಲೂ ಇಲ್ಲ. ಅವರ ಮನೆಯ ಬಾಗಿಲಲ್ಲಿ ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅತ್ತೆಯ ಹಿಂದೆ ಯಾರು ಬರುತ್ತಿದ್ದಾರೆಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದಳು. ಕಾಂಪೌಂಡರ್ ಅಲ್ಲ, ನಾನೆಂದು ಗುರುತು ಸಿಕ್ಕಿದ ಮೇಲೆ, ಹಿಡಿದುಕೊಂಡಿದ್ದ ಉಸಿರು ಬಿಟ್ಟು, ನನಗೆ ಕೂರಲು ಚಾಪೆ ತರುವುದಕ್ಕೆ ಒಳಗೆ ಹೋದಳು.